ಬಂಗುಡೆ ಕಲಿಸಿದ ವಿಜ್ಞಾನ

ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ಉರ್ವದ ಮೀನುಗಾರರ ಮಗಳು ಸುಮತಿಗೆ ನಾನು ಸಂಜೆ ಹೊತ್ತು ಅವರ ಮನೆಗೇ ಹೋಗಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಒಮ್ಮೆ ಅದರಲ್ಲೇ ಫೇಲಾಗಿದ್ದಳು. ಇನ್ನೊಮ್ಮೆ ಆದರೆ ಓದು ಸಾಕೆಂದು ಅಪ್ಪ ಹೇಳಿಬಿಟ್ಟಿದ್ದರು. ಅವಳಿಗೋ ಪುಸ್ತಕ ತೆರೆದರೆ ಆಕಳಿಕೆ.

ಒಂದು ದಿನ ಮೀನಿನ ಉಸಿರಾಟದ ಪಾಠ ಬಂತು. ನಾನು ಮೀನು ತಿನ್ನುವುದಿರಲಿ, ಮುಟ್ಟಿದವನೂ ಅಲ್ಲ. ಸ್ಲೇಟಿನ ಮೇಲೆ ಚಿತ್ರ ಬರೆದು, "ಇದು ಕಿವಿರು" ಎಂದೆ.

ಸುಮತಿಯ ಆಕಳಿಕೆ ಅರ್ಧಕ್ಕೇ ನಿಂತಿತು. "ಎಂತ ಸರ್ ಇದು? ಬಾಲದ ಹತ್ತಿರ ಕಿವಿರು ಉಂಟಾ?"

ಒಳಗೆ ಹೋಗಿ ಬಟ್ಟಲಲ್ಲಿ ಬಂಗುಡೆ ಮೀನು ತಂದಳು. ಕೆನ್ನೆಯ ಮುಚ್ಚಳ ಎತ್ತಿ, ಬಾಯಿಂದ ಹೊಕ್ಕ ನೀರು ಎಲ್ಲಿ ಹೊರಬರುತ್ತದೆಂದು ವಿವರಿಸಿದಳು. "ಸರ್, ಸ್ವಲ್ಪ ಕಣ್ಣು ಬಿಟ್ಟು ನೋಡಿ!"

ನಾನು ಮೂಗು ಮುಚ್ಚಿಕೊಂಡೇ, "ಪರೀಕ್ಷೆಯಲ್ಲಿಯೂ ಹೀಗೇ ಬರೆ" ಎಂದೆ. ಅಂದಿನಿಂದ ಅವಳು ನನ್ನ ತಪ್ಪು ಹುಡುಕಲಿಕ್ಕೆಂದೇ ಓದತೊಡಗಿದಳು. ಪಾಸೂ ಆದಳು.

ಅವಳ ಅಪ್ಪ ಖುಷಿಯಿಂದ ನಾನು ಮಾಸ್ತರನಾಗಿದ್ದ ಶಾಲೆಗೇ ಬಂದು, "ನಿಮ್ಮ ಮಾಸ್ಟ್ರು ಮೀನು ಹಿಡಿದು ಪಾಠ ಮಾಡಿದ್ದಾರೆ" ಎಂದು ಹೆಡ್‌ಮಾಸ್ತರರಿಗೆ ಹೇಳಿದರು. ಅವರು ಹಿಗ್ಗಿಹೋಗಿ, ಇನ್ನು ಪ್ರತಿ ವರ್ಷ ನಾನೇ ಮೀನು ತಂದು, ಕೊಯ್ದು, ಇಡೀ ತರಗತಿಗೆ ತೋರಿಸಬೇಕೆಂದು ಅಪ್ಪಣೆ ಮಾಡಿದರು. ಇದನ್ನು ಮನೆಯಲ್ಲಿ ಅಮ್ಮನಿಗೆ ಹೇಗೆ ಹೇಳುವುದೆಂಬ ಪ್ರಶ್ನೆಗೆ ಯಾವ ವಿಜ್ಞಾನದ ಪುಸ್ತಕದಲ್ಲಿಯೂ ಉತ್ತರವಿರಲಿಲ್ಲ.