ಅಜ್ವಾಂಗಳ ಕೈಗುಣ

ಸರೋವರದ ದಂಡೆಯ ನಮ್ಮ ಮೀನುಮರಿ ಕೇಂದ್ರದಲ್ಲಿ ಅಜ್ವಾಂಗ್ ಎಂಬಾಕೆಯನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಅಲೆಗೊ ಸೀಮೆಯಿಂದ ಮದುವೆಯಾಗಿ ಬಂದವಳಾದ್ದರಿಂದ ಎಲ್ಲರಿಗೂ ಆಕೆ ‘ಅಲೆಗೊ ಮಗಳು’.

ಹತ್ತೊಂಬತ್ತು ವರ್ಷ ಆಕೆಯದು ಒಂದೇ ಕೆಲಸ. ತೊಟ್ಟಿಯಲ್ಲಿ ಸಾಕಿದ ಕ್ಯಾಟ್‌ಫಿಶ್ ತಾನಾಗಿ ಮೊಟ್ಟೆ ಬಿಡುವುದಿಲ್ಲ. ಅದಕ್ಕೇ ಗಂಡು ಮೀನಿನ ತಲೆ ಸೀಳಿ, ಮೆದುಳಿನ ಅಡಿಯಲ್ಲಿ ಸಾಸಿವೆ ಕಾಳಿನಷ್ಟಿರುವ ಪಿಟ್ಯೂಟರಿ ಗ್ರಂಥಿಯನ್ನು ಒಡೆಯದಂತೆ ಎತ್ತಿ, ಉಪ್ಪುನೀರಿನಲ್ಲಿ ಅರೆದು, ಹೆಣ್ಣು ಮೀನಿಗೆ ಚುಚ್ಚುವಳು. ಬೆಳಿಗ್ಗೆ ಚುಚ್ಚಿದರೆ ಸಂಜೆಗೆ ಮೊಟ್ಟೆ. ಎಲ್ಲ ಅವಳ ಕೈಗುಣ ಎನ್ನುತ್ತಿದ್ದೆವು.

ಆ ವರ್ಷ ಮೂರು ಸಲ ಚುಚ್ಚಿದರೂ ಒಂದು ಮೊಟ್ಟೆಯೂ ಬರಲಿಲ್ಲ.

“ನಿನ್ ಕೈ ಸತ್ತೋಯ್ತು ಕಣಮ್ಮಾ,” ಅಂದುಬಿಟ್ಟೆ, ಬಲೆ ಎಳೆಯುವ ಒಡೇರಾ ನಾನು. ನನ್ನ ನಾಲಿಗೆಗೆ ಎಲುಬಿಲ್ಲ.

ಕೇಂದ್ರದ ಯಜಮಾನ ಒಬುಯಾ ಇನ್ನೂ ಮುಂದೆ ಹೋದ. “ಇನ್ನೊಂದೇ ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಗ್ರಂಥಿ ಬದಲು ಬಾಟ್ಲಿ ಔಷಧಿ ತರಿಸ್ತೀನಿ. ನೀನು ತೊಟ್ಟಿ ತೊಳ್ಕೊಂಡಿರು.”

ಆ ದಿನ ಅವಳು ಊಟ ಮಾಡಲಿಲ್ಲ. ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾ ಕೂತಿದ್ದಳು.

ಆ ವಾರ ನೀರಿನ ಪರೀಕ್ಷೆಗೆಂದು ಕಿಸುಮು ಪಟ್ಟಣದಿಂದ ಮೀನಿನ ಡಾಕ್ಟರ್ ಅಪಿಯೊ ಬಂದಳು. ಎಲ್ಲ ಕೇಳಿ, “ಗ್ರಂಥಿ ಕೊಡೋ ಗಂಡುಗಳು ಏನ್ ತಿಂತಾವೆ?” ಅಂದಳು.

“ಬರೀ ತೌಡು,” ಎಂದಳು ಅಜ್ವಾಂಗ್. “ಸರ್ಕಾರದವ್ರು ಸರೋವರದಲ್ಲಿ ಮೀನು ಹಿಡಿಯೋದು ನಿಲ್ಸಿದ್ರಲ್ಲ, ಒಮೇನಾ ಒಣಮೀನು ಸಿಗ್ತಿರ್ಲಿಲ್ಲ. ಸಿಕ್ಕಿದ್ದನ್ನ ಹೆಣ್ಣುಗಳಿಗೆ ಹಾಕ್ದೆ. ಬಸುರೀರ್ನ ಬಿಟ್ಟು, ನಾಳೆ ತಲೆ ಹೋಗೋ ಗಂಡಸ್ರಿಗೆ ಬಡಿಸ್ತಾರಾ?”

ನಮ್ಮ ಮನೆಗಳಲ್ಲೂ ಮೀನಿನ ಮೊದಲ ತುಂಡು ಬಸುರಿಗೇ. ಅದು ತಪ್ಪೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಡಾಕ್ಟರ್ ನಕ್ಕಳು. “ಹಾರ್ಮೋನ್ ಮಾಡು ಅನ್ನೋ ಅಪ್ಪಣೆ ಗ್ರಂಥಿಯ ಜೀನಲ್ಲೇ ಇರುತ್ತಮ್ಮಾ. ಒಳ್ಳೆ ಮೇವಿನಿಂದ ಅಮೈನೋ ಆಮ್ಲ ರಕ್ತಕ್ಕೆ ಸೇರಿದ್ರೆ ಗ್ರಂಥಿ ಆ ಅಪ್ಪಣೆ ಚೆನ್ನಾಗಿ ಓದುತ್ತೆ. ಬರೀ ತೌಡಲ್ಲಿ ಅದು ಸಾಲಲ್ಲ. ನೀವು ತೆಗೆದಿದ್ದು ಸರಿಯಾಗೇ ತೆಗೆದಿರ್ತೀರಿ. ಒಳಗೆ ಸರಕಿರ್ಲಿಲ್ಲ ಅಷ್ಟೇ.”

ಅಜ್ವಾಂಗ್ ನೇರ ಒಬುಯಾನ ಮುಂದೆ ಹೋಗಿ ನಿಂತಳು. “ತಪ್ಪು ನಂದೇ. ಎರಡು ತಿಂಗಳು ಕೊಡಿ.”

ಒಬುಯಾ ಗೊಣಗುತ್ತಲೇ ಒಪ್ಪಿದ. ಅಂದಿನಿಂದ ಸಿಕ್ಕಷ್ಟೇ ಒಮೇನಾ ಕುಟ್ಟಿ, ಮೊದಲ ಹಿಡಿ ಗಂಡುಗಳಿಗೆ ಹಾಕತೊಡಗಿದಳು. “ಅಳಿಯಂದ್ರಿಗೂ ಇಷ್ಟು ಉಪಚಾರ ಇಲ್ವಲ್ಲೇ!” ಎಂದು ಕೆಣಕಿದೆ. ಅವಳು ನಗಲಿಲ್ಲ.

ಎರಡು ತಿಂಗಳು ಕಳೆದು, ಆ ಕೊನೆಯ ಸಲ ಬೆಳಿಗ್ಗೆ ಆರಕ್ಕೆ ಚುಚ್ಚಿದಳು. ಸಂಜೆ ಐದಕ್ಕೆ ಒಬುಯಾ ಬಾಗಿಲಲ್ಲಿ ಕೈಕಟ್ಟಿ ನಿಂತ. ಒದ್ದೆ ಬಟ್ಟೆಯಲ್ಲಿ ಹೆಣ್ಣು ಮೀನನ್ನು ಹಿಡಿದವನು ನಾನು. ಅವಳ ಹೆಬ್ಬೆರಳು ಮೀನಿನ ಹೊಟ್ಟೆಯ ಮೇಲೆ ಮೆಲ್ಲಗೆ ಜಾರಿತು. ಬೋಗುಣಿಗೆ ರಾಗಿಯಂಥ ಹಸಿರು ಮೊಟ್ಟೆ ಸುರಿಯಿತು, ಸುರಿಯುತ್ತಲೇ ಇತ್ತು.

ಒಬುಯಾ ಬೋಗುಣಿಯನ್ನು ಬಗ್ಗಿ ನೋಡಿ ಹೊರಟುಹೋದ. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು. “ನಾನ್ ಹಾಗೆ ಅನ್ಬಾರ್ದಿತ್ತು ಅಲೆಗೊ ಮಗಳೇ,” ಅಂದೆ.

“ಬಿಡು ಒಡೇರಾ,” ಎಂದಳು, ಬೋಗುಣಿಯಿಂದ ಕಣ್ಣೆತ್ತದೆ. “ಹತ್ತೊಂಬತ್ತು ವರ್ಷ ಅವುಗಳ ತಲೆ ತೆಗ್ದಿದ್ದೀನಿ. ಹಸಿದಿದ್ವಾ ಅಂತ ಒಂದು ದಿನಾನೂ ಕೇಳ್ಲಿಲ್ಲ.”