ಬಾಗಿಲ ಮುಂದಿನ ಗಂಡಸಿನ ಚಪ್ಪಲಿ

ಶಹಾಬಾದಿನ ಬಜಾರಿನ ಚಪ್ಪಲಿ ಅಂಗಡಿಗೆ ಕಾಲಿಟ್ಟರೆ ಹೊಸ ತೊಗಲಿನ ವಾಸನೆ ಮೂಗಿಗೆ ಬಡಿಯುತ್ತದೆ. ನನಗೆ ಆ ವಾಸನೆ ಇಷ್ಟ. ಹೋದ ವಾರ ಅಲ್ಲಿ ನಿಂತು, ನನ್ನ ಕಾಲಿಗಿಂತ ದೊಡ್ಡದಾದ ಒಂದು ಜೋಡಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಅಂಗಡಿಯ ಖಾಜಾಸಾಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದರು: “ಹಾಕ್ಕೊಳ್ಳಾಕೇನ್ರಿ, ಇಡಾಕೇನ್ರಿ?”

ನಮ್ಮ ಕಡೆಯವರಲ್ಲದ ನಿಮಗೆ ಈ ಪ್ರಶ್ನೆ ವಿಚಿತ್ರ ಎನಿಸಬಹುದು. ಹೆಂಗಸೊಬ್ಬಳೇ ಮನೆ ಮಾಡಿದರೆ ಬಾಗಿಲ ಹೊರಗೆ ಗಂಡಸಿನ ಚಪ್ಪಲಿ ಒಂದು ಜೋಡಿ ಇಡುವುದು ಇಲ್ಲಿ ರೂಢಿ. ಹಾಲಿನವನು, ಗ್ಯಾಸಿನವನು, ವಿಳಾಸ ಕೇಳುವ ನೆಪದಲ್ಲಿ ಇಣುಕುವವನು, ಎಲ್ಲರ ಕಣ್ಣೂ ಮೊದಲು ಹೋಗುವುದು ಅಲ್ಲಿಗೇ. ನಾಯಿ ಸಾಕಿದರೆ ರೊಟ್ಟಿ ಹಾಕಬೇಕು, ಚಪ್ಪಲಿಗೆ ಆ ಖರ್ಚೂ ಇಲ್ಲ. “ಇಡಾಕ” ಎಂದೆ. ಯಾರಿಗೆ ಎಂದು ಖಾಜಾಸಾಬರು ಕೇಳಲಿಲ್ಲ. ನಿಮಗೆ ಹೇಳುತ್ತೇನೆ, ಅದಕ್ಕೆ ಮೊದಲು ಮಹಾನಂದಾಳ ಕತೆ ಕೇಳಿ.

ನಾನು ರೈಲ್ವೆಯಲ್ಲಿ ಪಾರ್ಸೆಲ್ ಗುಮಾಸ್ತನಾಗಿದ್ದು ನಿವೃತ್ತನಾದವನು. ವಾಡಿಯಲ್ಲಿ ನಮ್ಮದೊಂದು ಫರಸಿ ಕಲ್ಲಿನ ಮನೆ, ಹಿಂದೆ ಬಾಡಿಗೆಗೆ ಎರಡು ಕೋಣೆ. ಕೆಲವು ವರ್ಷಗಳ ಹಿಂದೆ ಕುರಕುಂಟಾದ ಮಹಾನಂದಾ ತನ್ನ ಸಣ್ಣ ಮಗಳನ್ನೂ ಹೊಲಿಗೆ ಯಂತ್ರವನ್ನೂ ಕಟ್ಟಿಕೊಂಡು ಆ ಕೋಣೆಗಳಿಗೆ ಬಂದಳು. ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗಂಡ ರೇವಪ್ಪನಿಂದ ಸೋಡಚೀಟಿ, ಎಂದರೆ ವಿಚ್ಛೇದನ, ಆಗಿತ್ತು. ತಿಂಗಳಿಗೆ ಇಷ್ಟು ಜೀವನಾಂಶ ಕೊಡು ಎಂದು ಕೋರ್ಟು ಅವನಿಗೆ ಹೇಳಿತ್ತು. ಅದರಲ್ಲಿ ಬಾಡಿಗೆ ಮತ್ತು ಮಗಳ ಶಾಲೆ ನಡೆಯುತ್ತಿತ್ತು, ಜಂಪರು ಹೊಲಿದು ಬಂದದ್ದು ಹೊಟ್ಟೆಗೆ. ಅವಳು ಬಂದ ದಿನವೇ ನನ್ನ ಹೆಂಡತಿ ಗುರುಬಾಯಿ ನನ್ನ ಹಳೆಯ ಚಪ್ಪಲಿ ಎತ್ತಿಕೊಂಡು ಹೋಗಿ ಅವಳ ಬಾಗಿಲ ಮುಂದೆ ಇಟ್ಟಳು. ನನಗೆ ಬೇಕಾಗಿತ್ತಲ್ಲ ಎಂದರೆ, “ನಿಮಗಿಂತ ಅವೇ ಹೆಚ್ಚ ಕೆಲಸ ಮಾಡ್ತಾವ ತಗೋರಿ” ಎಂದಳು.

ಕೆಲಸ ಮಾಡಿದವು, ಅತಿಯಾಗಿಯೇ ಮಾಡಿದವು. ಈ ನಡುವೆ ರೇವಪ್ಪನ ಕ್ವಾರ್ಟರ್ಸಿಗೆ ಒಬ್ಬಾಕೆ ಬಂದು ಸೇರಿದ್ದಳು. ಕೇಳಿದವರಿಗೆ ಅವನು “ಅಡಿಗಿ ಮಾಡಾಕಿ” ಎನ್ನುತ್ತಿದ್ದ. ಅಡಿಗೆಯಾಕೆಯ ಕಂಕುಳಲ್ಲಿ ಮಗುವಿತ್ತು, ಮಗು ರೇವಪ್ಪನನ್ನು ಅಪ್ಪಾ ಎಂದು ಕರೆಯುತ್ತಿತ್ತು. ಎರಡು ಮನೆಯ ಖರ್ಚು ಮೈಮೇಲೆ ಬಂದಾಗ ಅವನಿಗೆ ಕಾನೂನಿನ ಮೇಲೆ ಪ್ರೀತಿ ಹುಟ್ಟಿತು. ಸೋಡಚೀಟಿಯಾದ ಹೆಂಡತಿ ಇನ್ನೊಬ್ಬನ ಜೊತೆ ಸಂಸಾರ ಮಾಡುತ್ತಿದ್ದರೆ ಜೀವನಾಂಶ ನಿಲ್ಲಿಸಬಹುದು ಎಂದು ಯಾರೋ ಹೇಳಿಕೊಟ್ಟಿದ್ದರು. ಒಂದು ಬೆಳಿಗ್ಗೆ ಚಿತ್ತಾಪುರದ ಕೋರ್ಟಿನಿಂದ ಮಹಾನಂದಾಳಿಗೆ ನೋಟೀಸು ಬಂತು. ಜೊತೆಗೆ ಒಂದಿಷ್ಟು ಫೋಟೋ, ಎಲ್ಲದರಲ್ಲೂ ನನ್ನ ಚಪ್ಪಲಿ.

ಅವಳು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತಳು. “ಇಲ್ಲದ ಗಂಡಸಿನ ಸಲವಾಗಿ ಹುಡುಗೀನ ಸಾಲಿ ಬಿಡಸಬೇಕೇನ್ರಿ ಅಕ್ಕಾ?”

ನಾನು ಚಪ್ಪಲಿ ಬಿಸಾಕಲು ಹೊರಟೆ. ಗುರುಬಾಯಿ ಅಡ್ಡ ಬಂದಳು. “ಈಗ ತೆಗದ್ರ ಅವ ಓಡಿ ಹ್ವಾದ ಅಂತಾರ. ಸುಮ್ನ ಇರ್ರಿ.”

ಕೋರ್ಟಿನಲ್ಲಿ ರೇವಪ್ಪನ ಕಡೆಯ ಸಾಕ್ಷಿಗಳು ಆ ಚಪ್ಪಲಿಯ ಮೇಲೆ ಒಬ್ಬ ಪೂರ್ತಿ ಗಂಡಸನ್ನು ಕಟ್ಟಿ ನಿಲ್ಲಿಸಿದರು. ಓಣಿಯ ಪಾನ್ ಅಂಗಡಿಯವನು ಅವನಿಗೆ ದಪ್ಪ ಮೀಸೆ ಕೊಟ್ಟ. ಎದುರು ಮನೆಯವನು ಬುಲೆಟ್ ಗಾಡಿ ಕೊಟ್ಟ. ಪಾನ್ ಅಂಗಡಿಯವನಿಗೆ ಮೀಸೆ ಸರಿಯಾಗಿ ಬೆಳೆಯುತ್ತಿರಲಿಲ್ಲ, ಎದುರು ಮನೆಯವನು ಸೈಕಲ್ಲಿನಲ್ಲೇ ಓಡಾಡುತ್ತಿದ್ದ. ತಮಗಿಲ್ಲದ್ದನ್ನು ಇಷ್ಟು ಧಾರಾಳವಾಗಿ ದಾನ ಮಾಡುವ ಜನ ನಮ್ಮ ಓಣಿಯಲ್ಲಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ಮುಂದಿನ ಸಲ ನಮ್ಮ ಸರದಿ. ಚಪ್ಪಲಿ ನನ್ನವು ಎಂದೆ. ಹಾಗಾದರೆ ಆ ಗಂಡಸು ನೀವೇ ಇರಬೇಕಲ್ಲ ಎಂದ ರೇವಪ್ಪನ ವಕೀಲ. ಸುಳ್ಳೇಕೆ ಹೇಳಲಿ, ಒಳಗೊಳಗೇ ಸ್ವಲ್ಪ ಹಿಗ್ಗಿದೆ. ಈ ವಯಸ್ಸಿನಲ್ಲಿ ನನ್ನ ಮೇಲೆ ಅಂಥ ಅನುಮಾನ ಪಡುವವರಾದರೂ ಯಾರು? ಹಾಕಿ ತೋರಿಸಿ ಎಂದರು. ಸಕ್ಕರೆ ಕಾಯಿಲೆಗೆ ಬಾತ ಪಾದ ಒಳಗೆ ಹೋಗಲೊಲ್ಲದು. ವಕೀಲನ ಮುಖ ಅರಳಿತು. ಮಹಾನಂದಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನ್ನ ಹಿಗ್ಗೆಲ್ಲ ಇಳಿದುಹೋಯಿತು.

ಕೊನೆಗೆ ಗುರುಬಾಯಿ ಕಟಕಟೆ ಹತ್ತಿದಳು. “ಮನಷ್ಯಾನೂ ನಂದೇರಿ ಸಾಹೇಬ್ರ, ಚಪ್ಪಲಿನೂ ನಂದೇ. ಎರಡೂ ಹಳೇವು. ಮನಷ್ಯಾನ್ನ ಮನ್ಯಾಗ ಇಟಗೊಂಡೀನಿ, ಚಪ್ಪಲಿ ಈ ಹುಡುಗಿಗಿ ಕೊಟ್ಟೀನಿ.” ಆಮೇಲೆ ಫೋಟೋಗಳನ್ನು ಕೇಳಿ ಪಡೆದು ಒಂದೊಂದಾಗಿ ಮೇಜಿನ ಮೇಲೆ ಹರಡಿದಳು. ಒಂದರಲ್ಲಿ ಸಂಕ್ರಾಂತಿಯ ರಂಗೋಲಿ, ಇನ್ನೊಂದರಲ್ಲಿ ಯುಗಾದಿಯ ತೋರಣ. “ಹಬ್ಬ ಬಂದು ಹ್ವಾದವು, ಚಪ್ಪಲಿ ಒಂದ ಬೆರಳಷ್ಟೂ ಸರದಿಲ್ಲ ನೋಡ್ರಿ. ಇವ ಎಂಥಾ ಗಂಡಸ್ರಿ, ಚರಗಿ ತೊಗೊಂಡು ಬಯಲಕಡಿಗೂ ಹೋಗಲಿಲ್ಲೇನ್ರಿ?”

ನ್ಯಾಯಾಧೀಶರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ರೇವಪ್ಪನ ಅರ್ಜಿ ವಜಾ ಆಯಿತು. ಅವನ ಕ್ವಾರ್ಟರ್ಸಿನ ಮುಂದೆ ದಿನವೂ ಬಿದ್ದಿರುತ್ತಿದ್ದ ಹೆಂಗಸಿನ ಚಪ್ಪಲಿಯ ಫೋಟೋವನ್ನು ಮಾತ್ರ ಯಾರೂ ತೆಗೆದಿರಲಿಲ್ಲ. ತೆಗೆದಿದ್ದರೂ, ಅಡಿಗೆಯಾಕೆ ಬರಿಗಾಲಲ್ಲಿ ಬರಬೇಕೇನು ಎಂದು ಅವನು ಕೇಳುತ್ತಿದ್ದ.

ಈ ಕತೆಯನ್ನು ನಾನು ಮದುವೆ ಮನೆಗಳಲ್ಲಿ, ರೈಲಿನಲ್ಲಿ, ಎಲ್ಲೆಲ್ಲೋ ಹೇಳಿ ಜನರನ್ನು ನಗಿಸಿದ್ದೇನೆ. ಇದರ ಬಾಲವನ್ನು ಹೇಳುತ್ತಿರಲಿಲ್ಲ, ಅದಕ್ಕೆ ಯಾರೂ ನಗುವುದಿಲ್ಲ. ಕೇಸು ಮುಗಿದ ಮೇಲೆ ಸೇಡಂ ಬಸ್ಸಿನ ಕಂಡಕ್ಟರೊಬ್ಬ ಮಹಾನಂದಾಳನ್ನು ಮದುವೆಯಾಗುತ್ತೇನೆಂದ. ಒಳ್ಳೆಯವನು, ಹುಡುಗಿಗೂ ಅವನೆಂದರೆ ಇಷ್ಟ. ಆದರೆ ಮದುವೆಯಾದ ದಿನವೇ ಜೀವನಾಂಶ ನಿಲ್ಲುತ್ತದೆ. “ಇವ ನಾಳಿ ಕೈ ಬಿಟ್ಟುರ ಯಾವ ಕೋರ್ಟಿಗಿ ಹೋಗ್ಲಿ ಅಕ್ಕಾ?” ಎಂದು ಅವಳು ಯೋಚಿಸುತ್ತಲೇ ಉಳಿದಳು. ಅವನು ಕಾದು ಕಾದು ಬೇರೆ ಮದುವೆಯಾದ. ಇಲ್ಲದ ಗಂಡಸಿನಿಂದ ಹೇಗೋ ಪಾರಾದವಳು, ಇದ್ದವನನ್ನು ಕಳೆದುಕೊಂಡಳು.

ಈಗ ಖಾಜಾಸಾಬರ ಅಂಗಡಿಗೆ ಬರೋಣ. ಚಪ್ಪಲಿ ಕೊಂಡದ್ದು ನನ್ನ ಮಗಳು ಮಂಜುಳಾಳಿಗೆ. ಗಂಡನನ್ನು ಬಿಟ್ಟು ಬಂದು, ಚಿಂಚೋಳಿಯಲ್ಲಿ ಕೂಸಿನ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ. ಸೋಡಚೀಟಿಯ ಕೇಸು, ಜೀವನಾಂಶದ ಕೇಸು ಎರಡೂ ನಡೆಯುತ್ತಿವೆ. ಹೋದ ವಾರ ಫೋನಿನಲ್ಲಿ, “ಅಪ್ಪಾ, ಯಾರೋ ಬಾಗಲಾ ಬಡದು ಓಡಿ ಹೋಗಾಕತ್ತಾರ” ಎಂದಳು. ಬಾ ಎಂದರೆ ಬರುವವಳಲ್ಲ, ಕೆಲಸ ಅಲ್ಲೇ ಇದೆ. ಮರುದಿನವೇ ಶಹಾಬಾದಿಗೆ ಹೊರಟೆ.

ಚಪ್ಪಲಿಯನ್ನು ಮನೆಗೆ ತಂದು ಕಟ್ಟೆಯ ಮೇಲಿಟ್ಟೆ. ಗುರುಬಾಯಿ ಮುಟ್ಟಿ ನೋಡಿದಳು. ಕೋರ್ಟಿನಲ್ಲಿ ಅಷ್ಟು ಮಾತಾಡಿದವಳ ದನಿ ಸಣ್ಣದಾಗಿತ್ತು. “ಹೊಸಾವು ಇಟ್ಟುರ ಬಾಗಲಾ ಬಡಿಯಾವ ನಂಬಂಗಿಲ್ಲ. ಹಳೇವು ಇಟ್ಟುರ ಅಳಿಯನ ವಕೀಲ ನಂಬ್ತಾನ.”

ಅದಕ್ಕೇ ಈಗ ದಿನವೂ ನಾನು ಆ ದೊಡ್ಡ ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ಪಟಪಟ ತಿರುಗುತ್ತಿದ್ದೇನೆ. ಬಾಗಿಲು ಬಡಿಯುವವನು ಹೆದರುವಷ್ಟು ಹಳತಾಗಬೇಕು, ವಕೀಲನಿಗೆ ಖುಷಿಯಾಗುವಷ್ಟು ಆಗಬಾರದು. ಗುರುಬಾಯಿ ಕಟ್ಟೆಯ ಮೇಲೆ ಕುಳಿತು ನೋಡುತ್ತಾಳೆ. ನಾವಿಬ್ಬರೂ ನಗುವುದಿಲ್ಲ.

“ಸಾಕೇನ್ರಿ?” ಎಂದು ಕೇಳುತ್ತಾಳೆ.

ಅಟ್ಟೆ ತಿರುಗಿಸಿ ನೋಡುತ್ತೇನೆ. ಎಷ್ಟು ಹಳತಾದರೆ ನನ್ನ ಮಗಳಿಗೆ ಸಾಕೋ ಗೊತ್ತಾಗುವುದಿಲ್ಲ. ಮತ್ತೆ ಮೆಟ್ಟಿಕೊಳ್ಳುತ್ತೇನೆ.