ಮಂಟಪದ ಉಷೆಯೂ ಅವಳ ಗೆಳತಿಯೂ

ಗೆಳೆಯರೇ, ಇವತ್ತು ಚಾಮರಾಜಪೇಟೆಯ ಹಳೆಯ ಉಷಾ ಕಲ್ಯಾಣ ಮಂಟಪದಲ್ಲಿ ಮಗಳ ಮದುವೆ. ಅಲಂಕಾರದ ನಡುವೆ ಕೇಳಿದಳು, "ಅಮ್ಮಾ, ಉಷಾ ಅಂದ್ರೆ ಇಲ್ಲಿನ ಓನರ್ ಹೆಂಡ್ತೀನಾ?"

"ಅಲ್ವೇ, ಬಾಣಾಸುರನ ಮಗಳು. ಕನಸಲ್ಲಿ ಕಂಡ ಹುಡುಗನ ಹೆಸರೂ ಗೊತ್ತಿರ್ಲಿಲ್ಲ. ಗೆಳತಿ ಚಿತ್ರಲೇಖೆ ರಾಜಕುಮಾರರ ಚಿತ್ರಗಳನ್ನೆಲ್ಲ ಬರೆದು ತೋರಿಸಿದ್ಲು. ಉಷೆ ಇವನೇ ಅಂದ ತಕ್ಷಣ ಅನಿರುದ್ಧನನ್ನ ಹೊತ್ಕೊಂಡೇ ಬಂದ್ಲು. ನಮ್ಮ ಪದ್ಮ ನಿಮ್ಮಪ್ಪನ್ನ ಹುಡುಕಿಕೊಟ್ಟ ಹಾಗೆ."

ಪದ್ಮ ಪಕ್ಕದಲ್ಲೇ ಕೂತು ನನ್ನ ಮಗಳ ಜಡೆಗೆ ಮೊಗ್ಗು ಸಿಕ್ಕಿಸುತ್ತಿದ್ದಳು.

"ಆಮೇಲೆ ಚಿತ್ರಲೇಖೆಗೆ ಯಾರು ಸಿಕ್ಕಿದ್ರು?" ಮಗಳು ಕೇಳಿದಳು.

ಮದುವೆಯಾಗದೆ ಉಳಿದ ಪದ್ಮಳೇ ಮೆಲ್ಲಗೆ ಹೇಳಿದಳು, "ಅವಳ ಕನಸಲ್ಲೂ ಒಬ್ಬ ಬರ್ತಿದ್ದ ಪುಟ್ಟಿ. ಯಾರೂ ಕೇಳ್ಲಿಲ್ಲ."

ಮೂವತ್ತು ವರ್ಷಗಳಿಂದ ಗೆಳತಿ. ಗಂಡನ ಗೊರಕೆಯವರೆಗೆ ಎಲ್ಲವನ್ನೂ ಅವಳಿಗೆ ಹೇಳಿಕೊಂಡಿದ್ದೇನೆ. ಅವಳನ್ನು ಕೇಳಿದ್ದು ಮಾತ್ರ ಒಂದೂ ಇಲ್ಲ.